ಭಾವನ ಹೊಲದಿಂದ ಹೊತ್ತ ಮಣ್ಣು

ನಿವೃತ್ತಿಯ ಹೊಸ್ತಿಲಲ್ಲಿದ್ದಾಗ ನಾನು ಅಕ್ಕಲಕೋಟೆ ತಾಲೂಕಿನಲ್ಲಿ ಮಣ್ಣು ಸಂರಕ್ಷಣೆಯ ಮೇಲ್ವಿಚಾರಕನಾಗಿದ್ದೆ. ಮನೆ ಸೊಲ್ಲಾಪುರದಲ್ಲಿ, ದಿನಾ ಎಸ್.ಟಿ. ಬಸ್ಸಿನ ಓಡಾಟ. ಬರದ ಸೀಮೆಯವರು ಮಳೆ ಕಂಡರೆ ಕುಣಿಯುತ್ತಾರೆ ಎಂದು ಜನ ತಿಳಿಯುತ್ತಾರೆ. ಕುಣಿಯುವುದೆಲ್ಲಿ ಬಂತು! ಭಾದ್ರಪದದ ಮೋಡ ಕಂಡರೆ ನನಗೆ ದಿಗಿಲಾಗುತ್ತಿತ್ತು. ಕಚೇರಿಯಲ್ಲಿ ಚಹಾದ ಕಪ್ಪು ಹಿಡಿದು ಕಿಟಕಿಗೆ ಹೋಗಿ ನಿಂತರೆ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ.

ಕಾರಣ ಇಲ್ಲಿನ ಬೇಸಾಯದ ರೂಢಿ. ನಮ್ಮಲ್ಲಿ ಹಿಂಗಾರಿ ಜೋಳವೇ ದೊಡ್ಡ ಬೆಳೆ. ಬಿತ್ತುವುದು ಮಳೆಗಾಲ ಮುಗಿಯುವಾಗ. ಅಲ್ಲಿಯವರೆಗೆ ಹೊಲವನ್ನು ಖಾಲಿ ಬಿಟ್ಟು, ಮೇಲಿಂದ ಮೇಲೆ ಕುಂಟೆ ಹೊಡೆದು, ಒಂದು ಎಳೆ ಹುಲ್ಲೂ ಇಲ್ಲದಂತೆ ಇಡುತ್ತಾರೆ. ಹೊಲದಲ್ಲಿ ಕಸ ಕಂಡರೆ ನಾಲ್ಕು ಜನ ನಗುತ್ತಾರೆ. ಸಮತಟ್ಟು ನೆಲದಲ್ಲಿ ಇದು ನಡೆದೀತು, ಇಳಿಜಾರಿನಲ್ಲಿ ಘಾತ. ಜೋರು ಮಳೆಯ ಹನಿ ಬರಿನೆಲಕ್ಕೆ ಬಡಿದು ಹೆಂಟೆಗಳನ್ನು ಪುಡಿ ಮಾಡುತ್ತದೆ. ಆ ನುಣುಪು ಪುಡಿ ನೆಲದ ಸಂದುಗಳನ್ನು ಮುಚ್ಚುತ್ತದೆ. ಒಳಗೆ ಇಳಿಯಲಾಗದ ನೀರು ಮಣ್ಣನ್ನೇ ಹೊತ್ತುಕೊಂಡು ಕೆಳಗೆ ಓಡುತ್ತದೆ.

ಅಂಥ ಒಂದು ಮಳೆ ಹೊಡೆದು ಹೋದ ಮೇಲೆ ಚಪಳಗಾಂವ ಕಡೆಯ ರೈತ ಶಿವಪ್ಪನ ಫೋನು ಬಂತು.

“ಸಾಹೇಬ್ರ, ನಮ್ಮ ತಮ್ಮನ ಹೇಣ್ತಿ ನನ್ನ ಹೊಲದಾಗಿನ ಮಣ್ಣ ಚೋರಿ ಮಾಡಾಕತ್ತಾಳ್ರಿ. ಲಗೂನ ಬರ್ರಿ!”

ಇಡೀ ನೌಕರಿಯಲ್ಲಿ ಮಣ್ಣಿನ ಕಳ್ಳತನದ ತಕರಾರು ಕೇಳಿದ್ದು ಅದೇ ಮೊದಲು. ಹೋಗಿ ನೋಡಿದರೆ ನಿಜವೇ. ಶಿವಪ್ಪನ ಹೊಲದ ಕೆಳಮೂಲೆಯಲ್ಲಿ ನಿಂತಿದ್ದ ಹೂಳನ್ನು ಅವನ ತಮ್ಮನ ಹೆಂಡತಿ ಗೌರವ್ವ ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು, ಏರು ಹತ್ತಿ ತನ್ನ ಹೊಲಕ್ಕೆ ಸುರಿಯುತ್ತಿದ್ದಳು. ಗಂಡ ಕುರಿ ಹಿಂಡಿನ ಸಂಗಡ ಮಂಗಳವೇಢೆ ಕಡೆ ಹೋಗಿದ್ದ. ಆಕೆಯ ಹೊಲದ ಮೇಲ್ಭಾಗದಲ್ಲಿ ಮಣ್ಣಿನಡಿಯ ಗರಸುಕಲ್ಲು ಹಲ್ಲು ಕಿಸಿದಿತ್ತು. ಇನ್ನೊಂದು ದೊಡ್ಡ ಮಳೆಯಾದರೆ ಅಲ್ಲಿ ಜೋಳ ಬೇರೂರಲು ಮಣ್ಣೇ ಉಳಿಯುತ್ತಿರಲಿಲ್ಲ.

“ಚೋರಿ ಯಾಕ್ರಿ ಸಾಹೇಬ್ರ? ನನ್ನ ಹೊಲದಿಂದ ಹರದ ಬಂದದ್ದು, ನಾ ತಿರುಗಿ ಒಯ್ಯಾಕತ್ತೀನಿ,” ಎಂದಳು.

“ನಿಂದ ಅಂತ ಅದರ ಮ್ಯಾಲ ಹೆಸರ ಬರದೈತೇನ?” ಶಿವಪ್ಪ ಅಬ್ಬರಿಸಿದ.

ಇದರ ಬೇರು ಮನೆಯ ಪಾಲಿನಲ್ಲಿತ್ತು. ಇಳಿಜಾರಿನ ಮೇಲ್ಭಾಗದಲ್ಲಿ ತೆಳು ಮಣ್ಣು, ಕೆಳಭಾಗದಲ್ಲಿ ಆಳದ ಕರಿಮಣ್ಣು. ಯಾರಿಗೂ ಅನ್ಯಾಯವಾಗಬಾರದೆಂದು ಹಿರಿಯರು ಮೇಲಿಂದ ಕೆಳಗಿನವರೆಗೆ ಉದ್ದುದ್ದ ಪಟ್ಟಿಗಳಾಗಿ ಹಂಚಿದ್ದರು. ಇಂಥ ಪಟ್ಟಿಯಲ್ಲಿ ಎತ್ತು ತಿರುಗಿಸುವುದು ಕಷ್ಟವೆಂದು ಎಲ್ಲರೂ ಉದ್ದಕ್ಕೇ ಕುಂಟೆ ಹೊಡೆಯುತ್ತಿದ್ದರು. ಅಂದರೆ ನೀರಿಗೆ ತಾವೇ ಕಾಲುವೆ ತೋಡಿಕೊಟ್ಟಂತೆ. ಇಳಿಜಾರು ಶಿವಪ್ಪನ ಕಡೆ ವಾಲಿದ್ದರಿಂದ ನಡುವಿನ ಬದು ಕೊರಕಲು ಬಿದ್ದು, ಗೌರವ್ವನ ಮಣ್ಣೆಲ್ಲ ಅವನ ಮೂಲೆ ಸೇರುತ್ತಿತ್ತು.

ಉಪಾಯ ಸರಳ: ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದ ಕಂಟೂರ್ ಗೆರೆ ಹಿಡಿದು ಕುಂಟೆ ಹೊಡೆಯುವುದು. ಆಗ ಪ್ರತಿ ಸಾಲೂ ಒಂದು ಸಣ್ಣ ಒಡ್ಡಾಗಿ ನೀರನ್ನು ತಡೆಯುತ್ತದೆ. ಆದರೆ ಅದಕ್ಕೆ ಎರಡೂ ಹೊಲ ಒಂದಾಗಬೇಕು, ನಡುವಿನ ಬದು ಒಡೆಯಬೇಕು. ಶಿವಪ್ಪ ಸುತರಾಂ ಒಪ್ಪಲಿಲ್ಲ.

“ಬದು ಒಡದ್ರ ನಾಳೆ ನನ್ನ ಪಾಲ ಎಲ್ಲೈತಿ ಅಂತ ಯಾರ ಹೇಳ್ತಾರ್ರಿ?”

ಹವಾಮಾನದವರು ಮತ್ತೆ ಮಳೆ ಎಂದಿದ್ದರು. ನನ್ನ ತಾಳ್ಮೆ ಹಾರಿಹೋಯಿತು. “ಹೊಲಾನೇ ಹಳ್ಳಕ್ಕೆ ಹೋದ ಮೇಲೆ ಪಾಲು ಕಟ್ಟಿಕೊಂಡು ಏನು ಮಾಡ್ತೀರಪ್ಪ?” ಎಂದು ಕೂಗಾಡಿದೆ. ಕೂಗಾಟದಿಂದ ಆದದ್ದಿಷ್ಟೆ: ಅವನು ಇನ್ನಷ್ಟು ಬಿಗಿದುಕೊಂಡ.

ಗೌರವ್ವ ಬುಟ್ಟಿ ಕೆಳಗಿಟ್ಟಳು. “ಭಾವಾರ, ಮ್ಯಾಲೊಂದ, ಕೆಳಗೊಂದ ಗಡಿಕಲ್ಲ ನೀವ ಹುಗೀರಿ. ನಾ ಬೀರೋಬಾನ ಭಂಡಾರ ಹಚ್ಚತೀನಿ. ಒಂದ ಮೊಳ ನನ್ನ ಕಡೆ ಸರದ್ರೂ ನಾ ತಕರಾರ ಮಾಡಂಗಿಲ್ಲ. ಮಣ್ಣಿಲ್ಲದ ಹೊಲದ ಹದ್ದು ತೊಗೊಂಡ ನಾ ಏನ ತಿನ್ಲಿ?”

ಕುರಿಗಾರರ ದೇವರು ಬೀರೋಬಾನ ಭಂಡಾರ, ಅಂದರೆ ಅರಿಸಿನ, ಹಚ್ಚಿದ ಕಲ್ಲನ್ನು ಆ ಸೀಮೆಯಲ್ಲಿ ಯಾರೂ ಅಲುಗಿಸುವುದಿಲ್ಲ. ಶಿವಪ್ಪ ಹೋಗಿ ಹಾರೆ ತಂದ. ಕಲ್ಲು ಹುಗಿದದ್ದು ಹಳೆಯ ಬದುವಿನ ನೇರಕ್ಕೇ. ಒಂದು ಬೆರಳೂ ಆಚೆ ಸರಿಸಲಿಲ್ಲ.

ಒದ್ದೆ ನೆಲ ಆರಿ ಹದಕ್ಕೆ ಬರುವವರೆಗೆ ಕಾಯಬೇಕಿತ್ತು. ಆ ಕಾಯುವಿಕೆಯಲ್ಲಿ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ, ಹೆಂಡತಿ “ಆಕಾಶ ನೀವೇನು ಗುತ್ತಿಗೆ ಹಿಡಿದೀರಾ?” ಎಂದು ರೇಗಿದಳು. ಹದ ಬಂದ ದಿನ ನೆಲದ ಏರಿಳಿತ ಅಳೆಯುವ ಡಂಪಿ ಲೆವೆಲ್ ಹಿಡಿದು ಗೆರೆ ಹಾಕಿಕೊಟ್ಟೆ. ಓಡುವ ನೀರನ್ನು ಮೊದಲು ಹುಟ್ಟಿದಲ್ಲೇ ತಡೆಯಬೇಕು. ಹಾಗಾಗಿ ಮೇಲಿನಿಂದ ಆರಂಭಿಸಿದೆವು. ಬದು ಒಡೆದ ಮೇಲೆ ಶಿವಪ್ಪನ ಎತ್ತುಗಳು ಗೌರವ್ವನ ಹೊಲ ದಾಟಿ ಅಡ್ಡಡ್ಡ ನಡೆದವು. ಕೆಳಮೂಲೆಯೊಂದು ಉಳಿದಿರುವಾಗ ಮಳೆ ಬಂದೇಬಿಟ್ಟಿತು.

ಮಳೆ ನಿಂತಾಗ ಮೇಲೆ ಸಾಲು ಸಾಲಾಗಿ ನೀರು ಹಿಡಿದಿತ್ತು, ಗೌರವ್ವನ ಮಣ್ಣು ಗೌರವ್ವನ ಹೊಲದಲ್ಲೇ ಇತ್ತು. ಕೆಳಮೂಲೆಯ ಹೂಳು ಮಾತ್ರ ಹಳ್ಳದ ಪಾಲಾಗಿತ್ತು. ಅವರಿಬ್ಬರೂ ಬಡಿದಾಡಿದ್ದ ಮಣ್ಣು ಈಗ ಇಬ್ಬರದೂ ಅಲ್ಲ. ಶಿವಪ್ಪ ಕೊಚ್ಚಿಹೋದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ.

ಗೌರವ್ವ ಹತ್ತಿರ ಹೋಗಿ, “ಏಳ್ರಿ ಭಾವಾರ. ನೆಲ ಆರಿದ ಕೂಡ್ಲೇ ಇದನ್ನೂ ಮುಗಿಸೂಣು,” ಎಂದಳು.

ಇಳಿಜಾರನ್ನು ಅಳೆಯಲು ನನಗೆ ಸರಕಾರ ಕಲಿಸಿತ್ತು. ಜನ ಏನನ್ನು ಕಳೆದುಕೊಳ್ಳಲು ಅಂಜುತ್ತಾರೆ ಎಂದು ಮೊದಲು ಕೇಳಬೇಕೆಂಬುದನ್ನು ಆ ಹೊಲ ಕಲಿಸಿತು. ಆಮೇಲೆ ಯಾವ ಊರಿಗೆ ಹೋದರೂ ಅದನ್ನು ಕೇಳಿದ ಬಳಿಕವೇ ನಾನು ಪೆಟ್ಟಿಗೆಯಿಂದ ಲೆವೆಲ್ ತೆಗೆಯುತ್ತಿದ್ದೆ.