ಅಟ್ಟದಲ್ಲಿ ಒಣಗಿದ ಮಣ್ಣಿ

ಒಂದು ಬಟ್ಟಲು ರಾಗಿ ಮಣ್ಣಿ ಹೆಂಡತಿಯ ಉದ್ಯೋಗವನ್ನು ಉಳಿಸುತ್ತದೋ ಇಲ್ಲವೋ ಎಂದು ನಾನು ಒಂದಿಡೀ ಮಳೆಗಾಲವನ್ನು ಹೆದರಿಕೆಯಲ್ಲೇ ಕಳೆದಿದ್ದೇನೆ. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಾಪುವಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಮದುವೆಗೆ ಮೊದಲೇ ಬ್ಯಾಂಕಿನ ಪರೀಕ್ಷೆಗಳನ್ನು ಬರೆಯುತ್ತಿದ್ದವಳು. ಸಂದರ್ಶನಕ್ಕೆ ಹೋಗಿ ಹೋಗಿ ಸಾಕಾಗಿ, ಆ ಆಸೆಯನ್ನೇ ಕೈಬಿಟ್ಟು ಕುಳಿತ ಮೇಲೆ ಮಣಿಪಾಲದ ಕಚೇರಿಯಿಂದ ಕರೆ ಬಂತು. ಆಗ ಮಗಳಿಗೆ ಐದು ತಿಂಗಳು ತುಂಬಿತ್ತು.

ಸೇರುವುದೋ ಬೇಡವೋ ಎಂದು ಅವಳು ಅತ್ತಳು. ಸೇರು ಎಂದು ನಾನು ಹೇಳಿದೆ. ಹೇಳುವುದು ಸುಲಭವಾಗಿತ್ತು. ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಗುಡ್ಡ ಹತ್ತಿ ಅವಳು ಮಣಿಪಾಲ ಸೇರಬೇಕು; ಮನೆಗೆ ಮರಳುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು. ಅಷ್ಟು ಹೊತ್ತು ಮಗುವಿನ ಹೊಟ್ಟೆಗೆ ಏನು? ದನದ ಹಾಲಿಗೆ ನೀರು ಬೆರೆಸಿ ಚಮಚದಲ್ಲಿ ಕೊಟ್ಟರೆ ನಾಲ್ಕು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಶಿರ್ವದಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬರು, ಅಣ್ಣ ಗಲ್ಫಿನಿಂದ ತಂದದ್ದೆಂದು ಡಬ್ಬದ ಹಾಲಿನ ಹುಡಿಯನ್ನು ಪ್ರೀತಿಯಿಂದ ಕೊಟ್ಟರು. ಅದನ್ನೂ ಉಗಿಯಿತು. ಉಳಿದದ್ದು ಮಣ್ಣಿ, ನಾನು, ನನ್ನ ತಮ್ಮಂದಿರೆಲ್ಲ ತಿಂದು ಬೆಳೆದದ್ದು.

ಬೇಸಿಗೆ ರಜೆಯಲ್ಲಿ ಕಾರ್ಕಳಕ್ಕೆ ಹೋದಾಗ ಅಮ್ಮನ ಪಕ್ಕದಲ್ಲಿ ನಿಂತು ನಾನದನ್ನು ಕಲಿತಿದ್ದೆ. ರಾಗಿಯನ್ನು ತೊಳೆದು, ರಾತ್ರಿಯಿಡೀ ನೆನೆಸಿ, ಅರೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಹಾಲನ್ನು ಅಲುಗಿಸದೆ ಇಟ್ಟರೆ ಗಟ್ಟಿ ಅಡಿಗಿಳಿಯುತ್ತದೆ. ಮೇಲಿನ ನೀರನ್ನು ಚೆಲ್ಲಿ, ಅಡಿಯದನ್ನು ಬಿಸಿಲಿಗೆ ಒಣಗಿಸಿ ಹುಡಿ ಮಾಡಿಟ್ಟುಕೊಂಡರೆ ಬೇಕಾದಾಗ ಕಾಯಿಸಿ, ಚೂರು ಬೆಲ್ಲ ಹಾಕಿ ಉಣಿಸಬಹುದು. ಅಮ್ಮ ಇಷ್ಟನ್ನೂ ಹೇಳಿಕೊಟ್ಟರು. ಜೊತೆಗೆ, "ಮಗು ಬಿಟ್ಟು ಹೋಗುವ ಉದ್ಯೋಗ ಎಂತದ್ದು ಮಾರಾಯ?" ಎಂದೂ ಕೇಳಿದರು. ನಾನು ಬಟ್ಟೆ ಹಿಂಡುವುದರಲ್ಲಿ ಬಹಳ ಮಗ್ನನಾದಂತೆ ನಟಿಸಿದೆ.

ಬೇಸಿಗೆಯಲ್ಲಿ ಕಲಿತ ವಿದ್ಯೆಯನ್ನು ಮಳೆಗಾಲದಲ್ಲಿ ಪ್ರಯೋಗಿಸಿದರೆ ಏನಾಗುತ್ತದೋ ಅದೇ ಆಯಿತು. ನಮ್ಮ ಕರಾವಳಿಯ ಮಳೆಯಲ್ಲಿ ಬಿಸಿಲೆಂಬುದು ಉಂಟೇ? ಬಟ್ಟೆಯೇ ಒಣಗುತ್ತಿರಲಿಲ್ಲ, ಇನ್ನು ಮಣ್ಣಿ ಎಲ್ಲಿಂದ ಒಣಗಬೇಕು? ತಟ್ಟೆಯಲ್ಲಿ ಹರಡಿಟ್ಟದ್ದು ಹುಳಿ ಬಂತು. ಕಾವಲಿಯ ಮೇಲೆ ಒಣಗಿಸಲು ಹೋದದ್ದು ಕರಟಿತು. ದಿನವೂ ಹೊಸದಾಗಿ ಅರೆಯುವುದೇ ದಾರಿಯೆಂದು ಬೆಳಕು ಹರಿಯುವ ಮೊದಲೇ ಎದ್ದು ಅರೆಯತೊಡಗಿದೆ. ಅಂಗಿಯ ತೋಳಿಗೆ ಅಂಟಿದ ರಾಗಿಯೊಂದಿಗೇ ಶಾಲೆಗೆ ಹೋಗಿ, ಮಕ್ಕಳು ಮುಸಿಮುಸಿ ನಕ್ಕಾಗ ಕಾರಣ ತಿಳಿಯದೆ ಅವರನ್ನೇ ಗದರಿಸುತ್ತಿದ್ದೆ.

ಮಧ್ಯಾಹ್ನದ ಗಂಟೆ ಹೊಡೆದೊಡನೆ ಕೊಡೆ ಹಿಡಿದು ಮನೆಗೆ ಓಡುತ್ತಿದ್ದೆ. ಚಮಚ ಕುದಿಸುವುದು, ಬಟ್ಟಲು ಕುದಿಸುವುದು, ಕುದಿಸಿದ್ದಾಯಿತೇ ಎಂಬ ಅನುಮಾನದಲ್ಲಿ ಮತ್ತೆ ಕುದಿಸುವುದು. ಗಂಟಲಿಗೆ ಸಿಕ್ಕಿಕೊಂಡರೆ? ಶೀತವಾದರೆ? ಮಗಳು ಇದೊಂದನ್ನೂ ಲೆಕ್ಕಕ್ಕಿಟ್ಟುಕೊಳ್ಳದೆ, ಮಣ್ಣಿಯನ್ನು ನಾಲಿಗೆಯಿಂದ ಹೊರಗೆ ತಳ್ಳಿ, ನನ್ನನ್ನು ಪಾಪ ಎನ್ನುವ ಹಾಗೆ ನೋಡುತ್ತಿದ್ದಳು. ತೊಡೆಯ ಮೇಲೆ ಮಲಗಿಸಿಕೊಂಡಾಗ ಕೈಗೆ ಸಿಗುತ್ತಿದ್ದ ಅವಳ ಪಕ್ಕೆಲುಬು ನನಗೆ ತರಗತಿಯಲ್ಲೂ ನೆನಪಾಗುತ್ತಿತ್ತು.

ಉಳಿದ ಹೊತ್ತೆಲ್ಲ ಮಗು ಪಕ್ಕದ ಮನೆಯಲ್ಲಿರುತ್ತಿತ್ತು. ಅದು ಬಟ್ಟೆ ವ್ಯಾಪಾರದ ಬ್ಯಾರಿ ಮುಸಲ್ಮಾನರ ಮನೆ. ಆ ಮನೆಯ ಹಿರಿಯ ಹೆಂಗಸನ್ನು ಅವರ ಮಕ್ಕಳಂತೆ ನಾವೂ ಉಮ್ಮ ಎನ್ನುತ್ತಿದ್ದೆವು. ತನ್ನ ಅಡುಗೆಮನೆಯ ಒಲೆಯ ಹತ್ತಿರ, ಬೆಚ್ಚಗಿರುತ್ತದೆಂದು, ಆಕೆ ಮಗುವಿಗೆ ತೊಟ್ಟಿಲು ಕಟ್ಟಿದ್ದಳು. ನಮ್ಮದು ಮೀನು ತಿನ್ನದ ಮನೆ, ಮಡಿಯವರು ಎಂದು ಆಕೆಗೆ ಗೊತ್ತು. ಮಗುವಿಗೆ ಕುಡಿಸುವ ನೀರನ್ನು ಕೂಡ ನಮ್ಮ ಮನೆಯ ಚೆಂಬಿನಿಂದಲೇ ಕುಡಿಸುತ್ತಿದ್ದಳು. ಹಾಗೆ ಮಾಡೆಂದು ನಾವು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಸಂಜೆ ಹೆಂಡತಿ ಬರುತ್ತಿದ್ದಳು, ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡು. ಇಡೀ ದಿನ ಕಟ್ಟಿಕೊಂಡ ಹಾಲಿನ ನೋವಿನಲ್ಲಿ ಅವಳ ಮುಖ ಬಿಳಿಚಿಕೊಂಡಿರುತ್ತಿತ್ತು. ಚಪ್ಪಲಿ ಕಳಚುವ ಮೊದಲೇ, "ತಿಂತಾ?" ಎನ್ನುತ್ತಿದ್ದಳು. "ಸ್ವಲ್ಪ" ಎನ್ನುತ್ತಿದ್ದೆ ನಾನು. ಅವಳು ಹೋಗಿ ಬಟ್ಟಲು ನೋಡುತ್ತಿದ್ದಳು. ತುಳುವರ ಆಟಿ ತಿಂಗಳು ಹುಟ್ಟಿದ ದಿನ, ಮಗುವನ್ನು ಎದೆಗಿಟ್ಟುಕೊಂಡೇ ಹೇಳಿದಳು: "ಸೋಣ ಹುಟ್ಟುವುದರೊಳಗೆ ಇವಳು ಹೊಟ್ಟೆ ತುಂಬ ತಿನ್ನದಿದ್ದರೆ ನಾನು ಕೆಲಸ ಬಿಡ್ತೇನೆ. ನೀವು ಹಠ ಮಾಡಬೇಡಿ." ಆಟಿ ಕಳೆದರೆ ಸೋಣ, ಇದ್ದದ್ದು ಒಂದೇ ತಿಂಗಳು. ಸೋತ ಸಂದರ್ಶನಗಳ ನಂತರ ಅವಳು ವಾರಗಟ್ಟಲೆ ಮಾತಿಲ್ಲದೆ ಅಕ್ಕಿ ಆರಿಸುತ್ತ ಕುಳಿತದ್ದನ್ನು ನಾನು ನೋಡಿದ್ದೆ. ಆ ಮೌನ ಇನ್ನು ಜನ್ಮವಿಡೀ ನಮ್ಮ ಮನೆಯಲ್ಲಿ ಕುಳಿತರೆ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಮರುದಿನ ಮಗುವನ್ನು ಬಿಡಲು ಹೋದಾಗ ನನ್ನ ಮುಖ ನೋಡಿ ಉಮ್ಮ ಕೇಳಿದಳು, "ಎಂತ ಮಾಷ್ಟ್ರೇ, ಜ್ವರ ಉಂಟಾ?"

ಎಲ್ಲ ಹೇಳಿಕೊಂಡೆ. ಆಕೆ ಒಲೆಯ ಕಡೆ ಕೈ ತೋರಿಸಿ, "ಅರೆದು ಕೊಡಿ. ನಮ್ಮ ಒಲೆಯ ಮೇಲೆ ಅಟ್ಟ ಉಂಟು, ಇಡೀ ದಿನ ಬೆಂಕಿ ಉಂಟು. ಒಣಗ್ತದೆ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದಳು: "ಒಣಮೀನಿನ ಬುಟ್ಟಿ ಅಲ್ಲೇ ಇರುವುದು. ತೆಗೆದು ಬೇರೆ ಕಡೆ ಇಡ್ತೇನೆ. ಆದರೆ ಹೊಗೆಗೆ ಅದೆಲ್ಲ ಗೊತ್ತಾಗುದಿಲ್ಲ ಅಲ್ವಾ?"

ಅಮ್ಮನ ಮುಖ ಕಣ್ಣ ಮುಂದೆ ಬಂತು. ಮಗಳ ಪಕ್ಕೆಲುಬೂ ಬಂತು. "ಇಡಿ" ಎಂದೆ.

ಒಣಗಿ ಬಂದ ಹುಡಿ ನೋಡಲು ಚೆನ್ನಾಗಿತ್ತು. ಕಾಯಿಸುವಾಗ ಮಾತ್ರ ವಾಸನೆ ಎದ್ದಿತು. ಬುಟ್ಟಿ ತೆಗೆದಿಟ್ಟರೂ, ವರ್ಷಗಟ್ಟಲೆ ಒಣಮೀನು ಕಂಡ ಅಟ್ಟವದು. ಬೆಲ್ಲದ ಪರಿಮಳದ ಅಡಿಯಲ್ಲಿ ಹೊಗೆ, ಹೊಗೆಯ ಅಡಿಯಲ್ಲಿ ಅದು. ಚೆಲ್ಲಿಬಿಡಬೇಕೆಂದು ಬಟ್ಟಲು ಎತ್ತಿದೆ. ಅಷ್ಟರಲ್ಲಿ ಮಗಳು ಕೈಕಾಲು ಬಡಿಯತೊಡಗಿದಳು. ಸರಿ, ಒಂದು ಚಮಚ ಎಂದುಕೊಂಡು ಬಾಯಿಗಿಟ್ಟೆ. ನುಂಗಿದಳು. ಇನ್ನೊಂದಕ್ಕೆ ಬಾಯಿ ತೆರೆದಳು. ಬಟ್ಟಲು ಮುಗಿದ ಮೇಲೆ ಚಮಚವನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಹಗಲೆಲ್ಲ ಅವಳು ಮಲಗಿದ್ದು ಆ ಒಲೆಯ ಪಕ್ಕದಲ್ಲಿ. ಅಡುಗೆಯೆಂದರೆ ಹೀಗೇ ವಾಸನೆ ಬರಬೇಕೆಂದು ಅವಳು ತೀರ್ಮಾನಿಸಿರಬೇಕು. ಶಾಲೆಗೆ ತಡವಾಯಿತು, ಮುಖ್ಯೋಪಾಧ್ಯಾಯರು ಗಡಿಯಾರ ನೋಡಿದರು, ನನಗೆ ಏನೂ ಅನ್ನಿಸಲಿಲ್ಲ.

ಹೆಂಡತಿಗೆ ಮೊದಲು ವಿಷಯ ಹೇಳಲಿಲ್ಲ. ಅವಳು ಮಣ್ಣಿ ಹುಡಿಯ ಡಬ್ಬಿಯ ಮುಚ್ಚಳ ತೆಗೆದೊಡನೆ, "ಇದು ಬೆಳಗ್ಗಿನ ಬಸ್ಸಿನ ವಾಸನೆ" ಎಂದಳು. ಆ ಬಸ್ಸಿನಲ್ಲಿ ಮೀನಿನ ಬುಟ್ಟಿಗಳೂ ಉಡುಪಿಗೆ ಹೋಗುತ್ತಿದ್ದವು. ನಡೆದದ್ದನ್ನು ಹೇಳಿದೆ. ಅವಳು ನಗಲು ಹೊರಟವಳು ಅರ್ಧಕ್ಕೆ ನಿಲ್ಲಿಸಿ, "ಅತ್ತೆ ಬಂದರೆ?" ಎಂದಳು.

ಅತ್ತೆ ಬಂದರು. ಆಟಿ ಮುಗಿಯುತ್ತ ಬಂದ ಒಂದು ಭಾನುವಾರ ಕಾರ್ಕಳದ ಬಸ್ಸಿನಿಂದ ಇಳಿದು, ಕಾಲು ತೊಳೆದು, ಮೊಮ್ಮಗಳನ್ನು ಎತ್ತಿಕೊಂಡರು. ತೂಕ ನೋಡುವವರಂತೆ ಮೇಲೆ ಕೆಳಗೆ ಆಡಿಸಿ, "ಅಡ್ಡಿಯಿಲ್ಲ, ಗಟ್ಟಿ ಆಗಿದ್ದಾಳೆ. ಮಣ್ಣಿ ಎಲ್ಲುಂಟು? ಇವತ್ತು ನಾನೇ ಮಾಡಿ ಉಣಿಸ್ತೇನೆ" ಎಂದರು. ಹಳ್ಳಿಯ ಬಾವಿಯ ಹಗ್ಗ ಯಾರು ಮುಟ್ಟಿದರು ಎಂದು ಆಗಲೂ ವಿಚಾರಿಸುತ್ತಿದ್ದ ನನ್ನ ಅಮ್ಮ. ಅವರು ಬೇಡವೆಂದರೆ ಮಗುವಿಗೆ ಅನ್ನವಿಲ್ಲ, ಮಗುವಿಗೆ ಅನ್ನವಿಲ್ಲದಿದ್ದರೆ ಹೆಂಡತಿಗೆ ಮಣಿಪಾಲವಿಲ್ಲ. ನಾನು ಹೇಳಲು ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟಿದ್ದೆ: ನಮ್ಮ ಒಲೆಯ ಮೇಲೇ ಒಣಗಿಸಿದ್ದು, ಸೌದೆ ಸರಿಯಿರಲಿಲ್ಲ.

ಅಮ್ಮ ಡಬ್ಬಿ ತೆರೆದರು. ಮೂಗಿನ ಹತ್ತಿರ ಒಯ್ದರು, ಇಳಿಸಿದರು, ಮತ್ತೆ ಒಯ್ದರು.

"ಇದನ್ನು ಎಲ್ಲಿ ಒಣಗಿಸಿದ್ದು?"

ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಬಾಗಿಲ ಬಳಿ ನಿಂತಿದ್ದ ಹೆಂಡತಿ ನೇರವಾಗಿ ಹೇಳಿಬಿಟ್ಟಳು: "ಪಕ್ಕದ ಮನೆ ಉಮ್ಮನ ಅಟ್ಟದಲ್ಲಿ, ಅತ್ತೆ. ಬೇರೆ ಯಾವುದನ್ನೂ ಇವಳು ತಿನ್ನುವುದಿಲ್ಲ."

ಹೊರಗೆ ಮಳೆ ಹೊಯ್ಯುತ್ತಿತ್ತು. ಅಮ್ಮ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಡಬ್ಬಿ ಕಂಡ ಮಗಳು ಅವರ ಕಂಕುಳಲ್ಲಿ ಕುಣಿಯತೊಡಗಿದ್ದಳು. ಅಮ್ಮ ಒಲೆಯ ಮುಂದೆ ಕುಳಿತು ಮಣ್ಣಿ ಕಾಯಿಸಿದರು. ಆರಿಸಿದರು. ಆಮೇಲೆ ಸೆರಗಿನ ತುದಿಯನ್ನು ಮೂಗಿಗೆ ಅಡ್ಡ ಕಟ್ಟಿಕೊಂಡು, ಚಮಚ ಚಮಚವಾಗಿ ಇಡೀ ಬಟ್ಟಲನ್ನು ಉಣಿಸಿದರು. ಬಾಯಿ ಒರೆಸಿ ಮಗುವನ್ನು ನನ್ನ ಕೈಗೆ ಕೊಟ್ಟು, ಬಾವಿಕಟ್ಟೆಗೆ ಹೋಗಿ ಆ ಮಳೆಯಲ್ಲೇ ತಲೆಗೆ ಸ್ನಾನ ಮಾಡಿದರು.

ಆ ದಿನವೆಲ್ಲ ಅವರು ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವರು ಜಪ ಮಾಡಿದರು, ತರಕಾರಿ ಹೆಚ್ಚಿದರು, ತಮ್ಮ ಚೀಲದಿಂದ ಏನನ್ನೋ ತೆಗೆದು ನೀರಿಗೆ ಹಾಕಿದರು. ಮರುದಿನ ಬೆಳಿಗ್ಗೆ ಹೆಂಡತಿ ಹೊರಡುವ ಸೀರೆ ಉಟ್ಟು, ಊಟದ ಡಬ್ಬಿ ಕೈಯಲ್ಲಿ ಹಿಡಿದು, ಹೋಗಲೋ ಬೇಡವೋ ಎಂದು ನಡುಮನೆಯಲ್ಲಿ ನಿಂತೇ ಇದ್ದಳು. ಅಡುಗೆಮನೆಯಲ್ಲಿ ಅರೆಯುವ ಸದ್ದು ನಿಂತು ಹೊತ್ತಾಗಿತ್ತು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, "ಕಾರ್ಕಳದ ರಾಗಿ. ಅರೆದು ಸೋಸಿ ಇಟ್ಟಿದ್ದೇನೆ. ಒಣಗಿಸುವುದು ಎಲ್ಲಿ ಅಂತ ನನ್ನಲ್ಲಿ ಕೇಳಬೇಡ" ಎಂದು ನನಗೆ ಹೇಳಿದರು.

ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನೀನೆಂತ ನಿಂತದ್ದು? ಬಸ್ಸಿಗೆ ಹೊತ್ತಾಗ್ಲಿಲ್ವಾ?"