ಗೊರವಂಕದ ಮರಿಗೆ ಹಾಲನ್ನ

ಹರವೆಯ ನಾಗರತ್ನಳಿಗೆ ಬೆಳಗ್ಗೆ ಏಳುವಾಗಲೇ ಸಂಜೆಯಷ್ಟು ಸುಸ್ತು. ಹಾಸಿಗೆ ಹಿಡಿದ ಅತ್ತೆಯನ್ನು ಎಬ್ಬಿಸಿ ಕೂರಿಸುವುದು, ಬಟ್ಟೆ ಬದಲಿಸುವುದು, ಉಣಿಸುವುದು ಎಲ್ಲ ಅವಳದೇ. ಗಂಡ ಶಿವಶಂಕರ ಒಳ್ಳೆಯವನೇ, ಇಲ್ಲವೆನ್ನಲಾಗದು. ಆದರೆ ಅವನ ಒಳ್ಳೆಯತನ ಒಂದು ಬಕೆಟ್ಟು ನೀರನ್ನೂ ತುಂಬಿದ್ದಿಲ್ಲ.

ಅಂಥವಳ ಹಿತ್ತಿಲಿಗೇ ಗೊರವಂಕದ ಮರಿಯೊಂದು ಬಂದು ಬೀಳಬೇಕೆ! ಪುಕ್ಕ ಬಂದಿತ್ತು, ಹಾರಲು ಬರುತ್ತಿರಲಿಲ್ಲ. "ಇದೊಂದು ಬಾಕಿ ಇತ್ತು ನಂಗೆ" ಎಂದು ಗೊಣಗುತ್ತಲೇ, ಬೆಕ್ಕು ಬಂದೀತೆಂದು ಅದರ ಮೇಲೆ ಬುಟ್ಟಿ ಬೋರಲು ಹಾಕಿದಳು.

ಲಿಂಗಪೂಜೆಯ ಮನೆ. ಹುಳ ಹಿಡಿದು ತಿನ್ನಿಸುವ ಯೋಚನೆ ಅಲ್ಲಿ ಯಾರಿಗೂ ಬರುವಂಥದ್ದಲ್ಲ. ಅತ್ತೆಗೆಂದು ಕಲಸಿದ ಹಾಲನ್ನವನ್ನೇ ಮತ್ತಷ್ಟು ಕಿವುಚಿ ಕೊಕ್ಕಿಗೆ ಹಿಡಿದಳು. ಮರಿ ಉಗುಳಿತು. ಇವಳು ಬಿಡಲಿಲ್ಲ. ತಾಯಿಹಕ್ಕಿ ನುಗ್ಗೆಮರದಿಂದ ಇಳಿದು ಬುಟ್ಟಿ ಸುತ್ತಿದಾಗಲೆಲ್ಲ, ಮನುಷ್ಯರು ಮುಟ್ಟಿದ ಮರಿಯನ್ನು ಕುಕ್ಕಿ ಕೊಂದೇಬಿಡುತ್ತದೆಂದು ಹೆದರಿ ಓಡಿಸಿದಳು.

ಮಾರನೆಯ ಬೆಳಗ್ಗೆ ಮರಿ ಕತ್ತು ಜೋತುಹಾಕಿ ಕುಳಿತಿತ್ತು. ನಾಗರತ್ನಳಿಗೆ ಅಳುವೇ ಬಂತು. ಇಷ್ಟು ಮಾಡಿಯೂ ಹೀಗಾಯಿತಲ್ಲ!

ಬೇಲಿಯಾಚೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಪಕ್ಕದ ಮನೆಯ ಕನಕರಾಜು ಇಣುಕಿದ. "ಏನಕ್ಕ, ಅದ್ಕೂ ಹಾಲನ್ನವಾ? ಅದು ಉಳ ತಿನ್ನೋ ಜಾತಿ ಕಣಕ್ಕ."

"ನಮ್ಮನೇಲಿ ಅದೆಲ್ಲ ಆಗಲ್ಲ ಕಣಪ್ಪ."

"ನಿನ್ನ ಯಾರು ಮಾಡು ಅಂದ್ರು? ಅದ್ರವ್ವ ಅಲ್ಲೇ ಮರದ ಮ್ಯಾಲೆ ಕೂಗ್ತಾ ಅವಳೆ. ಬೇಲಿ ಮ್ಯಾಲೆ ಇಟ್ಬುಟ್ಟು ಈಚೆ ಬಾ."

"ಕುಕ್ಕಿ ಸಾಯಿಸ್ಬುಟ್ರೆ?"

"ಎತ್ತವ್ವ ಯಾಕಕ್ಕ ಸಾಯಿಸ್ತಾಳೆ? ಬುಡು ಅತ್ಲಾಗೆ."

ಬಿಡುವುದೇ ಅವಳಿಗೆ ಗೊತ್ತಿಲ್ಲದ ಕೆಲಸ. ಮರಿಯನ್ನು ಬೇಲಿಯ ದಟ್ಟ ಕೊಂಬೆಗಳ ನಡುವೆ ಕೂರಿಸಿ, ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಳು. ತಾಯಿಹಕ್ಕಿ ಬಹಳ ಹೊತ್ತು ಬರಲಿಲ್ಲ. ನಾಗರತ್ನ ಎದ್ದು ಹೋಗಿ ಮರಿಯನ್ನು ತಂದೇಬಿಡೋಣವೆಂದು ಸೆರಗು ಸಿಕ್ಕಿಸಿದಳು. ಅಷ್ಟರಲ್ಲಿ ಹಕ್ಕಿ ಬಂದೇಬಿಟ್ಟಿತು. ಕೊಕ್ಕಿನಲ್ಲಿ ಹಸಿರು ಮಿಡತೆ. ತಲೆ ಎತ್ತಲಾರದೆ ಕುಳಿತಿದ್ದ ಮರಿ ಬಾಯಿ ತೆರೆದು ಗಬಕ್ಕನೆ ನುಂಗಿತು. ತಾಯಿ ಮತ್ತೊಂದು ತರಲು ಹಾರಿತು.

ತನ್ನ ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರು ಬಂದು ತೆಗೆದುಕೊಂಡದ್ದು ನಾಗರತ್ನಳ ಬದುಕಿನಲ್ಲಿ ಅದೇ ಮೊದಲು. ಏಳಬೇಕೆಂದುಕೊಂಡಳು, ಕಾಲು ಏಳಲಿಲ್ಲ. ತನಗೆ ಇಷ್ಟೊಂದು ದಣಿವಾಗಿದೆಯೆಂದು ಅವಳಿಗೇ ಆಗ ಗೊತ್ತಾಯಿತು. ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು.