ತಿಳವಳ್ಳಿ ಏರಿನಲ್ಲಿ ಕೂಗಿದ ಚೈನು

1986ರಲ್ಲಿ ನಾನು ಹುಬ್ಬಳ್ಳಿಯ ಖಾಸಗಿ ಕಾರ್ಖಾನೆಯೊಂದರಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೆ. ಆ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ನನ್ನ ಪಾಲಿಗೆ ಬಂದಿದ್ದ ಕೆಲಸ ಒಂದೇ: ಒಂದು ಚೈನು ತುಂಡಾಗದಂತೆ ಮಾಡುವುದು.

ಸೈಕಲ್ಲಿನ ಹಾಗೆ ಹಲ್ಲುಗಾಲಿಯ ಮೇಲೆ ಓಡುವ ಚೈನಲ್ಲ ಅದು. ಗೇರ್ ಬದಲಿಸುವ ಗೋಜೇ ಇಲ್ಲದ ಸಣ್ಣ ಸರಕು ಗಾಡಿಯೊಂದನ್ನು ರೈತರಿಗಾಗಿ ತಯಾರಿಸಲು ಕಾರ್ಖಾನೆ ಹೊರಟಿತ್ತು. ಅದರ ಗೇರ್‌ಬಾಕ್ಸಿನಲ್ಲಿ ಗೇರುಗಳೇ ಇರಲಿಲ್ಲ. ಎಂಜಿನ್ ಕಡೆಗೊಂದು ಜೋಡಿ, ಚಕ್ರದ ಕಡೆಗೊಂದು ಜೋಡಿ ಉಕ್ಕಿನ ತಟ್ಟೆಗಳು, ಎರಡೂ ಜೋಡಿಗಳನ್ನು ಬಳಸಿ ಓಡುವ ಒಂದು ಚೈನು. ಎದುರುಬದುರಾದ ತಟ್ಟೆಗಳ ಒಳಮೈ ಇಳಿಜಾರು. ಅವು ಹತ್ತಿರ ಸರಿದರೆ ನಡುವಿನ ಚೈನು ಅಂಚಿನತ್ತ ಏರುತ್ತದೆ, ದೂರವಾದರೆ ಒಳಕ್ಕೆ ಇಳಿಯುತ್ತದೆ. ಚೈನು ಹೀಗೆ ಏರಿಳಿದಂತೆ ಗಾಡಿಯ ವೇಗ ಎಲ್ಲಿಯೂ ತಡೆಯದೆ ಬದಲಾಗುತ್ತದೆ. ಈ ಏರ್ಪಾಡಿಗೆ ಸಿವಿಟಿ ಎಂದು ಹೆಸರು.

ತಟ್ಟೆಯನ್ನು ಮುಟ್ಟುವುದು ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳ ಎರಡು ತುದಿ ಮಾತ್ರ. ಕಿರುಬೆರಳ ಉಗುರಿಗಿಂತ ಚಿಕ್ಕ ಜಾಗ, ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆ. ಅಷ್ಟನ್ನೇ ನಂಬಿಕೊಂಡು ತುಂಬಿದ ಗಾಡಿ ಏರು ಹತ್ತಬೇಕು. ಮೊದಲ ಸಲ ಅದು ಓಡುವುದನ್ನು ನೋಡುತ್ತ ನಿಂತವಳಿಗೆ ಊಟದ ಗಂಟೆ ಕೇಳಿಸಲೇ ಇಲ್ಲ.

ಕಾರ್ಖಾನೆಯ ಟೆಸ್ಟ್ ರಿಗ್ಗಿನಲ್ಲಿ, ಅಂದರೆ ಗಾಡಿಯಿಲ್ಲದೆ ಗೇರ್‌ಬಾಕ್ಸನ್ನಷ್ಟೇ ಓಡಿಸಿ ನೋಡುವ ಯಂತ್ರದಲ್ಲಿ, ಚೈನು ತಿಂಗಳುಗಟ್ಟಲೆ ಬಾಳಿತು. ರಸ್ತೆಗಿಳಿದರೆ ಕೆಲವೇ ವಾರಗಳಲ್ಲಿ ಕೊಂಡಿಯ ಪಟ್ಟಿಗಳು ಪಿನ್ನಿನ ತೂತಿನ ಪಕ್ಕದಲ್ಲಿ ಬಿರುಕು ಬಿಡುತ್ತಿದ್ದವು. ಪಟ್ಟಿಗಳನ್ನು ದಪ್ಪ ಮಾಡಿದೆವು. ಆ ಭಾರದ ಚೈನು ಇನ್ನೂ ಬೇಗ ಹೋಯಿತು. ನಮ್ಮ ಮುಖ್ಯಸ್ಥರಾದ ಕುಲಕರ್ಣಿ ಸರ್ ಒಂದು ದಿನ ನನ್ನನ್ನು ಕರೆದು, ಬೇಸಿಗೆಯೊಳಗೆ ಪರಿಹಾರ ಸಿಗದಿದ್ದರೆ ಆಡಳಿತದವರು ಈ ಯೋಜನೆಯನ್ನು ಮುಚ್ಚುತ್ತಾರೆ ಎಂದು ಮೆಲ್ಲಗೆ ಹೇಳಿದರು.

ನಮ್ಮ ಪರೀಕ್ಷೆಯ ದಾರಿ ಶಿಗ್ಗಾಂವಿಯಿಂದ ಸವಣೂರು, ಅಲ್ಲಿಂದ ಹಾನಗಲ್, ತಿಳವಳ್ಳಿ, ಹಿರೇಕೆರೂರು, ಹಂಸಭಾವಿ. ಹಿರೇಕೆರೂರು ನನ್ನ ತವರು, ಆ ರಸ್ತೆಯ ತಗ್ಗುದಿಣ್ಣೆಗಳೆಲ್ಲ ನನಗೆ ಪರಿಚಯ. ಚಾಲಕ ಮಕ್ತುಂಸಾಬ ಸವಣೂರಿನವರು, ವರ್ಷಾನುಗಟ್ಟಲೆ ಲಾರಿ ಓಡಿಸಿದವರು. ಗಾಡಿ ಆಗಾಗ ಕಿವಿಗೆ ಚುಚ್ಚುವಂತೆ ಕೂಗುತ್ತಿತ್ತು. ಅದರ ಬಗ್ಗೆ ಅವರ ಅಭಿಪ್ರಾಯ ಖಚಿತವಾಗಿತ್ತು.

“ಬಾಯಾರ, ಗಾಡಿ ಬಂಗಾರದಂಥಾದ್ದೈತ್ರಿ. ಅದರ ಗಂಟಲಾ ಅಷ್ಟ ನೆಟ್ಟಗಿಲ್ಲ.”

ನಾನು ನಕ್ಕುಬಿಡುತ್ತಿದ್ದೆ. ಮೊದಲು ಚೈನು ಉಳಿಯಲಿ, ಸದ್ದಿನ ಮಾತು ಆಮೇಲೆ ಎಂದೇ ನಾವೆಲ್ಲ ತಿಳಿದಿದ್ದೆವು.

ಭತ್ತದ ಸುಗ್ಗಿಯ ಕಾಲ. ತಿಳವಳ್ಳಿಯ ಹತ್ತಿರ ಒಂದು ಏರಿನಲ್ಲಿ ಹುಲ್ಲು ಹೇರಿದ ಚಕ್ಕಡಿಯೊಂದು ಮುಂದೆ ಹೋಗುತ್ತಿತ್ತು. ನಮ್ಮ ಗಾಡಿಯಲ್ಲಿ ಮರಳಿನ ಚೀಲಗಳ ಪೂರ್ತಿ ಭಾರ. ಮಕ್ತುಂಸಾಬರು ನಿಧಾನವಾಗಿಯೇ ಪಕ್ಕಕ್ಕೆ ತಂದರು. ಆಗಲೇ ಚೈನು ಕೂಗಿತು. ಎತ್ತುಗಳು ಬೆದರಿ ರಸ್ತೆ ಬಿಟ್ಟು ಓಡಿದವು, ನೊಗ ಮುರಿದು ಚಕ್ಕಡಿ ಕಾಲುವೆಗೆ ವಾಲಿತು. ಹುಲ್ಲಿನ ಮೇಲೆ ಕುಳಿತಿದ್ದ ಹೆಂಗಸು ಕೆಳಗೆ ಬಿದ್ದಳು.

ಅವಳ ಹೆಸರು ನೀಲವ್ವ, ಐವತ್ತರ ಆಸುಪಾಸಿನ ವಯಸ್ಸು. ಎಡ ಮುಂಗೈ ಮುರಿದು ಸೊಟ್ಟಗಾಗಿತ್ತು. ಗದ್ದೆಗಳಿಂದ ಜನ ಓಡಿ ಬಂದು ಮಕ್ತುಂಸಾಬರನ್ನು ಸುತ್ತುವರಿದರು. ಅಂಗಿ ಹಿಡಿಯುವ ಹಂತಕ್ಕೆ ಹೋದಾಗ ನೀಲವ್ವ ಮಲಗಿದ್ದಲ್ಲಿಂದಲೇ ತಡೆದಳು. “ಅವನ ಮ್ಯಾಗ ಯಾಕ ಏರಿ ಹೋಗ್ತೀರಿ? ಮೊದಲ ನನ್ನ ದವಾಖಾನಿಗೆ ಮುಟ್ಟಸ್ರಿ.”

ಅವಳ ಗಂಡ ಶಿವರುದ್ರಪ್ಪ ಎತ್ತುಗಳು ಓಡಿದ ದಿಕ್ಕನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ನೀವು ಕರೆದುಕೊಂಡು ನಡೆಯಿರಿ, ಎತ್ತು ಸಿಕ್ಕ ಕೂಡಲೇ ಬರುತ್ತೇನೆ ಎಂದ. ಬಿದಿರಿನ ದಬ್ಬೆ ಇಟ್ಟು ಅವಳ ಕೈಯನ್ನು ನನ್ನ ಸೀರೆಯ ಸೆರಗು ಹರಿದು ಕಟ್ಟಿದೆವು. ಚೀಲಗಳ ಮೇಲೆ ಹುಲ್ಲು ಹಾಸಿ ಮಲಗಿಸಿ, ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಷ್ಟು ತಿಂಗಳಲ್ಲಿ ನಾನು ಗಾಡಿಯ ಹಿಂಭಾಗದಲ್ಲಿ ಕುಳಿತದ್ದು ಅದೇ ಮೊದಲು. ಮೀಟರುಗಳೆಲ್ಲ ಮುಂದೆ ಇದ್ದುದರಿಂದ ನಾನೂ ಯಾವಾಗಲೂ ಮುಂದೆಯೇ ಇರುತ್ತಿದ್ದೆ.

ಹಾನಗಲ್ಲಿನ ದಾರಿಯಲ್ಲಿ ನೀಲವ್ವ ಹಲ್ಲು ಕಚ್ಚಿಕೊಂಡಿದ್ದಳು. ತಗ್ಗುಗಳಲ್ಲಿ ಗಾಡಿ ಎತ್ತಿ ಹಾಕಿದಾಗ ನರಳಿದರೆ ಅದು ಸಹಜ. ಆದರೆ ನುಣುಪಾದ ರಸ್ತೆಯಲ್ಲೂ ಒಮ್ಮೊಮ್ಮೆ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು.

“ಈಗ ಮತ್ತ ಬಂತು ನೋಡ ಯವ್ವಾ. ಎಲುಬಿನ್ಯಾಗ ಜೇನಹುಳ ಹೊಕ್ಕಂಗ ಆಗಾಕತ್ತೈತಿ.”

ಅವಳು ಹಾಗೆಂದಾಗ ಚೈನು ಕೂಗುತ್ತಿತ್ತು. ನಾನು ಗಾಡಿಯ ತಳದ ಮೇಲೆ ಅಂಗೈ ಇಟ್ಟೆ. ಕೂಗು ಏರಿದಂತೆ ತಗಡು ಸಣ್ಣಗೆ ನಡುಗಿತು, ಕೂಗು ನಿಂತಾಗ ನಡುಕವೂ ನಿಂತಿತು. ಮತ್ತೆ ಕೂಗು, ಮತ್ತೆ ನಡುಕ, ಮತ್ತೆ ಆಕೆಯ ಹಿಡಿತ. ಕೂಗು, ಬಿರುಕು ಎರಡೂ ಬೇರೆ ಬೇರೆ ತೊಂದರೆಗಳೆಂದು ನಾವು ತಿಳಿದಿದ್ದೆವು, ಅವು ಒಂದೇ ಆಗಿದ್ದವು. ಚೈನು ಬರೀ ಸದ್ದು ಮಾಡುತ್ತಿರಲಿಲ್ಲ, ಮೀಟಿದ ತಂತಿಯ ಹಾಗೆ ಕಂಪಿಸುತ್ತಿತ್ತು. ಅದನ್ನು ಒಳಗಿಂದ ಬಿರಿಯಿಸುತ್ತಿದ್ದುದೂ ಅದೇ ಕಂಪನ. ಮುಂದೆ ಬಾಗಿ, ಗಾಡಿ ಕೂಗುವ ವೇಗ ಬಂದರೆ ಕೂಡಲೇ ಎಕ್ಸಿಲರೇಟರ್ ಸಡಿಲಿಸಲು ಮಕ್ತುಂಸಾಬರಿಗೆ ಹೇಳಿದೆ. ಅವರು ಹಾಗೆಯೇ ಓಡಿಸಿದರು. ನೀಲವ್ವನ ಹಿಡಿತ ಸಡಿಲವಾಯಿತು.

ಹಾನಗಲ್ಲಿನ ವೈದ್ಯರು ಎಲುಬು ಕೂಡಿಸಿ ಪಟ್ಟಿ ಹಾಕಿದರು. ಸಂಜೆಗೆ ಶಿವರುದ್ರಪ್ಪ ಬಂದ. ಎತ್ತುಗಳು ಸಿಕ್ಕಿದ್ದವು. ಅವನು ಜಗಳಕ್ಕೆ ನಿಲ್ಲಲಿಲ್ಲ. “ಅದು ಏನ್ ಸಪ್ಪಳರೀ ಬಾಯಾರ?” ಎಂದಷ್ಟೇ ಕೇಳಿದ. ತಿಳಿದುಕೊಂಡು ಬಂದು ಹೇಳುತ್ತೇನೆ ಎಂದೆ.

ಕಾರ್ಖಾನೆಗೆ ಮರಳಿ ಗೇರ್‌ಬಾಕ್ಸಿನ ಪಕ್ಕಕ್ಕೆ ಕಿಟಕಿ ಕೊರೆಸಿ ಗಾಜು ಕೂರಿಸಿದೆವು. ಸ್ಟ್ರೋಬ್ ಎಂಬ ಮಿಣುಕು ದೀಪ ಓಡುವ ವಸ್ತುವನ್ನು ನಿಂತಂತೆ ತೋರಿಸುತ್ತದೆ. ರಿಗ್ಗಿನಲ್ಲಿ ನಾವು ಮೊದಲು ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದೆವು. ಅಪಾಯ ಎರಡು ಮೆಟ್ಟಿಲುಗಳ ನಡುವೆ ಅಡಗಿತ್ತು. ಈ ಸಲ ಪೂರ್ತಿ ಭಾರವಿಟ್ಟು ವೇಗವನ್ನು ಎಳೆ ಎಳೆಯಾಗಿ ಏರಿಸಿದೆ. ಕೂಗು ಶುರುವಾಯಿತು. ಗಾಜಿನಾಚೆ, ಎಣ್ಣೆಯ ಹನಿಗಳ ನಡುವೆ, ಬಿಗಿದ ಉಕ್ಕು ಬಿಲ್ಲಿನಂತೆ ಬಾಗಿ ನಿಂತಿತ್ತು. ಕುಲಕರ್ಣಿ ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಉಕ್ಕು ಹೀಗೆ ಮೈಮರೆತು ಕುಣಿಯುವುದನ್ನು ನಾವಿಬ್ಬರೂ ಅದುವರೆಗೆ ಕಂಡಿರಲಿಲ್ಲ.

ಕೊಂಡಿಗಳೆಲ್ಲ ಒಂದೇ ಅಳತೆಯವು. ಒಂದೇ ಲಯದಲ್ಲಿ ಒಂದಾದ ಮೇಲೊಂದು ತಟ್ಟೆಗೆ ತಾಗುತ್ತಿದ್ದವು. ಆ ಲಯ ಬಿಗಿದ ಚೈನಿನ ಸ್ವಂತ ಲಯಕ್ಕೆ ಹೊಂದಿದಾಗ ಕಂಪನ ಬೆಳೆಯುತ್ತಿತ್ತು. ಹಾಗಾದರೆ ಲಯವನ್ನೇ ಮುರಿಯಬೇಕು. ಉದ್ದದ ಕೊಂಡಿ, ಗಿಡ್ಡ ಕೊಂಡಿ, ಎರಡನ್ನೂ ಕ್ರಮವಿಲ್ಲದೆ ಬೆರೆಸೋಣ ಎಂದೆ. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದ ಕುಲಕರ್ಣಿ ಸರ್‌ಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆದರೂ ಒಪ್ಪಿದರು. ಮೊದಲು ಪೋಣಿಸಿದ ಚೈನುಗಳಲ್ಲಿ ಒಂದೆರಡು ಹಳೆಯದಕ್ಕಿಂತ ಕೆಟ್ಟದಾಗಿ ಕೂಗಿದವು. ಉದ್ದದ ಕೊಂಡಿಗಳು ಒಟ್ಟೊಟ್ಟಿಗೆ ಬಂದಲ್ಲಿ ಪೆಟ್ಟು ಜೋರಾಗುತ್ತಿತ್ತು. ಜೋಡಣೆ ಬದಲಿಸುತ್ತ, ಪಟ್ಟಿಗಳನ್ನು ಮತ್ತೆ ತೆಳ್ಳಗೆ ಮಾಡುತ್ತ ಹೋದೆವು. ಕೊನೆಗೊಂದು ಚೈನು ಕೆಳಗಿನ ವೇಗದಿಂದ ಮೇಲಿನ ವೇಗದವರೆಗೆ ಎಲ್ಲಿಯೂ ಬಾಗದೆ ಓಡಿತು. ಕೇಳಿಸಿದ್ದು ಎಣ್ಣೆಯ ಸರಬರ ಮಾತ್ರ.

ಬೇಸಿಗೆಗೆ ಮೊದಲೇ ಅದನ್ನು ರಸ್ತೆಗೆ ಒಯ್ದೆವು. ಶಿವರುದ್ರಪ್ಪನಿಗೆ ಮಾತು ಕೊಟ್ಟಂತೆ ತಿಳವಳ್ಳಿಯಲ್ಲಿ ಇಳಿದು, ಆ ಸಪ್ಪಳ ಏನೆಂದು ಅವನಿಗೆ ತಿಳಿಯುವ ಹಾಗೆ ವಿವರಿಸಿದೆ. ಅವನು ಎತ್ತುಗಳನ್ನು ಹಿಡಿದುಕೊಂಡು ಏರಿನಲ್ಲಿ ನಿಂತ. ನೀಲವ್ವ ತಾನು ಗಾಡಿಯಲ್ಲೇ ಕೂರುತ್ತೇನೆಂದು ಹಟ ಹಿಡಿದಳು. ಮಕ್ತುಂಸಾಬರು ಏರು ಹತ್ತಿಸಿದರು. ಎತ್ತುಗಳು ಕಿವಿ ಆಡಿಸಿದವು, ಹೆಜ್ಜೆ ಕದಲಿಸಲಿಲ್ಲ. ನೀಲವ್ವ ವಾಸಿಯಾದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, “ಏನೂ ಅನಸವಲ್ದವ್ವಾ,” ಎಂದಳು.

ಮಳೆಗಾಲ ಮುಗಿಯುವವರೆಗೂ ಗಾಡಿ ಅದೇ ಚೈನಿನ ಮೇಲೆ ಓಡಿತು. ಆಮೇಲೆ ಬಿಚ್ಚಿ ನೋಡಿದೆವು. ಒಂದೂ ಬಿರುಕಿರಲಿಲ್ಲ. ಪಿನ್ನುಗಳ ತುದಿ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು, ಕಿಟಕಿಯ ಬೆಳಕು ಒಂದೊಂದರಲ್ಲೂ ಚುಕ್ಕೆಯಾಗಿ ಕೂತಿತ್ತು. ಕುಲಕರ್ಣಿ ಸರ್ ಹೋಗಿ ಕೈ ತೊಳೆದುಕೊಂಡು ಬಂದು ಆಮೇಲೆ ಆ ಚೈನನ್ನು ಎತ್ತಿಕೊಂಡರು.

ಆ ಗಾಡಿ ಮಾರುಕಟ್ಟೆಗೆ ಬರಲಿಲ್ಲ. ಆಡಳಿತ ಬದಲಾಯಿತು, ಹೊಸಬರಿಗೆ ಬೇರೆ ಯೋಜನೆಗಳಿದ್ದವು. ನನಗೆ ಬೇಸರವಾಯಿತು, ಆದರೆ ಕಂಡದ್ದು ಕಂಡಂತೆ ಉಳಿಯಿತು. ಗಟ್ಟಿ ಮಾಡಿದ ಮಾತ್ರಕ್ಕೆ ವಸ್ತು ಬಾಳುವುದಿಲ್ಲ, ಅದಕ್ಕೆ ಬೀಳುವ ಪೆಟ್ಟು ಎಲ್ಲಿಂದ ಬರುತ್ತದೆಂದು ತಿಳಿಯಬೇಕು. ಆ ತಿಳಿವು ಮೀಟರಿನ ಮುಂದೆಯೇ ಸಿಗಬೇಕೆಂದಿಲ್ಲ. ಮುಂದೆ ನನ್ನ ಕೈಕೆಳಗೆ ಸೇರಿದ ಪ್ರತಿಯೊಬ್ಬ ಎಂಜಿನಿಯರನ್ನೂ ಡ್ರಾಯಿಂಗ್ ಬೋರ್ಡಿಗೆ ಕೂರಿಸುವ ಮೊದಲು ಒಂದು ದಿನ ಗಾಡಿಯ ಹಿಂದೆ, ಸರಕಿನ ಜಾಗದಲ್ಲಿ ಕೂರಿಸಿ ಕಳಿಸುತ್ತಿದ್ದೆ. ಯಾಕೆಂದು ಕೇಳಿದವರಿಗೆ, ಹೋಗಿ ಬಾ, ಆಮೇಲೆ ಮಾತಾಡೋಣ ಎನ್ನುತ್ತಿದ್ದೆ.